ಕಾಳುಮೆಣಸಿಗೆ ಬಂದ ಬೆಳ್ಳಿ ಮತ್ತು ಪೊಟೊಸಿ

ಪ್ರಶ್ನೆ: ಹಿಂದೆ ಸೋಂದೆ, ಶಿರಸಿ ಕಡೆಯ ಕಾಳುಮೆಣಸಿಗೆ ಪರಂಗಿಯವರು ಕೊಟ್ಟ ಬೆಳ್ಳಿ ಬೊಲಿವಿಯಾದ ಪೊಟೊಸಿ ಊರಿನದು ಎನ್ನುತ್ತಾರೆ. ಹೌದೇ? ಅಷ್ಟು ಎತ್ತರದಲ್ಲಿ ಬೆಳ್ಳಿ ತೆಗೆಯುತ್ತಿದ್ದುದು ಹೇಗೆ?
– ಓದುಗರು, ಶಿರಸಿ

ಉತ್ತರ: ಅದರಲ್ಲಿ ಒಂದು ಪಾಲು ಪೊಟೊಸಿಯದು. 17ನೇ ಶತಮಾನದಲ್ಲಿ ಕಾರವಾರದಲ್ಲಿದ್ದ ಇಂಗ್ಲಿಷರ ಕೋಠಿ ಘಟ್ಟದ ಮೇಲಿನ ಮೆಣಸು ಕೊಳ್ಳುತ್ತಿತ್ತು. ಯುರೋಪಿನ ಸರಕಿಗೆ ಇಲ್ಲಿ ಗಿರಾಕಿ ಕಡಿಮೆ. ಹಾಗಾಗಿ ಹಡಗುಗಳು ಬೆಳ್ಳಿ ಹೊತ್ತು ಬರುತ್ತಿದ್ದವು. ಆದರೆ ಮನೆಯ ಹಳೆಯ ಬೆಳ್ಳಿ ತಟ್ಟೆಯನ್ನು ತೋರಿಸಿ 'ಇದು ಪೊಟೊಸಿಯದೇ' ಎನ್ನಲಾಗದು. ಮೆಕ್ಸಿಕೊದ ಬೆಳ್ಳಿಯೂ ಬರುತ್ತಿತ್ತು, ನಮ್ಮ ಟಂಕಸಾಲೆಗಳಲ್ಲಿ ಎರಡೂ ಒಟ್ಟಿಗೆ ಕರಗಿದವು.

ಪೊಟೊಸಿ ಊರಿನ ಪಕ್ಕದ ಸೆರ್ರೊ ರಿಕೊ ಬೆಟ್ಟದ ಅದಿರು ಸ್ಪೇನಿನವರಿಗೆ ಗೊತ್ತಾದದ್ದು 1545ರಲ್ಲಿ. ಮೇಲ್ಪದರದ ಒಳ್ಳೆಯ ಅದಿರನ್ನು ಗುಡ್ಡದ ಗಾಳಿಗೆ ಉರಿಯುವ ಮಣ್ಣಿನ ಕುಲುಮೆಗಳಲ್ಲೇ ಕರಗಿಸಿದರು. ಅದು ಮುಗಿದ ಮೇಲೆ, 1570ರ ದಶಕದಲ್ಲಿ, ಪಾದರಸದ ವಿಧಾನ ಬಂತು. ಅದಿರನ್ನು ನೀರಿನ ಗಿರಣಿಯಲ್ಲಿ ನುಣ್ಣಗೆ ಪುಡಿ ಮಾಡಿ, ಉಪ್ಪು, ಪಾದರಸ ಸೇರಿಸಿ ವಾರಗಟ್ಟಲೆ ತುಳಿದು ಕಲಸುತ್ತಿದ್ದರು. ಚಳಿಗೆ ಬೆಳ್ಳಿ ಪಾದರಸಕ್ಕೆ ಬೇಗ ಕೂಡುತ್ತಿರಲಿಲ್ಲ. ಆರಂಭದಲ್ಲಿ ತೊಟ್ಟಿಗಳ ಅಡಿಗೆ ಬೆಂಕಿಯನ್ನೂ ಹಾಕಿದರು. ಆಮೇಲೆ ಮಣ್ಣು ತೊಳೆದು, ಉಳಿದ ಮುದ್ದೆಯನ್ನು ಬಟ್ಟೆಯಲ್ಲಿ ಹಿಂಡಿ ಕಾಸಿದರೆ ಪಾದರಸ ಆವಿಯಾಗಿ ಬೆಳ್ಳಿ ಉಳಿಯುತ್ತಿತ್ತು. ಆ ಆವಿಯೇ ಕೆಲಸಗಾರರಿಗೆ ವಿಷ. 'ಮಿತ' ಎಂಬ ಕಡ್ಡಾಯ ದುಡಿಮೆಯಲ್ಲಿ ಸುತ್ತಲಿನ ಪ್ರಾಂತ್ಯಗಳ ಏಳು ಗಂಡಾಳುಗಳಲ್ಲಿ ಒಬ್ಬನನ್ನು ಸರದಿಯಂತೆ ಎಳೆದು ತರುತ್ತಿದ್ದರು. ಈ ಬೆಳ್ಳಿಯ ಕಥೆ ಹೇಳುವಾಗ ಅವರನ್ನು ಮರೆಯುವುದು ಅನ್ಯಾಯ.

ಗಿರಣಿಗೆ ನೀರು ಬೇಕು, ಅಲ್ಲಿ ಮಳೆ ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ. ಅದಕ್ಕೆಂದೇ 'ಕರಿ ಕರಿ' ಎಂಬ ಹೆಸರಿನ ಬೆಟ್ಟದಲ್ಲಿ ಕೆರೆಗಳನ್ನು ಕಟ್ಟಿದರು. 1626ರಲ್ಲಿ ಒಂದು ಕಟ್ಟೆ ಒಡೆದು ಗಿರಣಿಗಳನ್ನೂ ಜನರನ್ನೂ ಕೊಚ್ಚಿಕೊಂಡು ಹೋಯಿತು.

ಪ್ರಶ್ನೆ: ಈಗಲೂ ಅಲ್ಲಿ ಗಣಿ ಇದೆಯೇ? ಕಾರವಾರದಿಂದ ಹೋಗುವವರು ಏನು ಎಚ್ಚರ ವಹಿಸಬೇಕು?
– ಓದುಗರು, ಕಾರವಾರ

ಉತ್ತರ: ಇದೆ. ಸಹಕಾರ ಸಂಘಗಳು ಸತು, ಬೆಳ್ಳಿ, ಸೀಸ, ತವರ ತೆಗೆಯುತ್ತಿವೆ. ಅಗೆದು ಅಗೆದು ಬೆಟ್ಟದ ತುದಿಯೇ ಕುಸಿಯುತ್ತಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು 2014ರಲ್ಲಿ ಅಪಾಯದ ಪಟ್ಟಿಗೂ ಸೇರಿತು.

ಊರಿನ ಎತ್ತರ 4,000 ಮೀಟರಿಗೂ ಹೆಚ್ಚು. ಕಡಲದಂಡೆಗೆ ಹೋಲಿಸಿದರೆ ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಶೇ. 60 ಅಷ್ಟೇ. ಲಾ ಪಾಸ್‌ನ ವಿಮಾನ ನಿಲ್ದಾಣವೂ ಅಷ್ಟೇ ಎತ್ತರ, ಆದ್ದರಿಂದ ತಗ್ಗಿನ ಸಾಂತಾ ಕ್ರೂಸ್‌ನಲ್ಲಿ ಇಳಿಯಿರಿ. ಅಲ್ಲಿಂದ 2,800 ಮೀಟರಿನ ಸುಕ್ರೆಗೆ ಹೋಗಿ ಎರಡು ಮೂರು ರಾತ್ರಿ ತಂಗಿ, ಆಮೇಲೆ ಬಸ್ಸಿನಲ್ಲಿ ಮೂರು ಗಂಟೆ ಮೇಲಕ್ಕೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಮೊದಲ ದಿನ ಮದ್ಯ ಬೇಡ, ಹತ್ತು ಮೆಟ್ಟಿಲಾದರೂ ನಿಧಾನ ಹತ್ತಿ.

ನೋಡಲೇಬೇಕಾದದ್ದು ಹಳೆಯ ಟಂಕಸಾಲೆ, ಕಾಸಾ ದೆ ಲಾ ಮೊನೆದಾ. ಬೆಳ್ಳಿಯ ಪಟ್ಟಿ ತಟ್ಟಲು ಹೇಸರಗತ್ತೆಗಳು ತಿರುಗಿಸುತ್ತಿದ್ದ ಭಾರಿ ಮರದ ಯಂತ್ರಗಳು ಇನ್ನೂ ಅಲ್ಲಿವೆ. ಗಣಿಯೊಳಗೂ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ, ಆದರೆ ದೂಳು, ವಿಷಾನಿಲ, ಕುಸಿತ ಮೂರೂ ನಿಜವಾದ ಅಪಾಯ. ಆಸ್ತಮಾ, ಹೃದಯದ ತೊಂದರೆ ಇದ್ದವರು ಹೋಗಲೇಬಾರದು. ವಿಶ್ರಾಂತಿಯಲ್ಲೂ ಉಸಿರು ಕಟ್ಟಿದರೆ, ನಡೆಯುವಾಗ ಓಲಾಡಿದರೆ ರಾತ್ರಿಯಾದರೂ ಸರಿ, ಕಾರು ಮಾಡಿ ಸುಕ್ರೆಗೆ ಇಳಿಯಿರಿ.