ಪೋಕೆಮಾನ್ ರೆಡ್ ಮುಗಿಸಿದ ಮೇಲೆ ಗೋಲ್ಡ್ ಯಾಕೆ ಆಡಬೇಕು?

ಗೇಮ್ ಬಾಯ್‌ನ ಮೊದಲ ಪೋಕೆಮಾನ್ ಆಟಗಳಲ್ಲೊಂದಾದ ರೆಡ್ ಆಡಿ ಮುಗಿಸಿದ್ದೀರಿ, ಅದರ ಮುಂದಿನ ಆಟವಾದ ಗೋಲ್ಡ್‌ನಲ್ಲಿ ನೂರು ಹೊಸ ಪೋಕೆಮಾನ್ ಬಿಟ್ಟರೆ ಬೇರೆ ಏನಿದೆ ಅಂತ ಕೇಳಿದ್ದೀರಿ. ತುಂಬಾ ಇದೆ. ಎರಡನ್ನೂ ಮತ್ತೆ ಮತ್ತೆ ಆಡಿದವನಾಗಿ ಹೇಳುತ್ತೇನೆ: ಆ ನೂರು ಹೊಸಬರಿಗಿಂತ, ಹಳೆಯದನ್ನು ರಿಪೇರಿ ಮಾಡಿದ ರೀತಿಯೇ ನನಗೆ ಹೆಚ್ಚು.

ರೆಡ್‌ನಲ್ಲಿ ಸೈಕಿಕ್ ಟೈಪ್‌ನ (ಟೈಪ್ ಅಂದರೆ ಪೋಕೆಮಾನ್‌ನ, ಅದರ ಏಟಿನ ಬಗೆ) ಹಾವಳಿ ನಿಮಗೆ ಗೊತ್ತಿರುತ್ತದೆ. ಟೀಮ್‌ನಲ್ಲಿ ಅಲಕಾಜಮ್ ಎಂಬ ಸೈಕಿಕ್ ಪೋಕೆಮಾನ್ ಒಂದಿದ್ದರೆ ಎದುರಿಗೆ ಯಾರು ಬಂದರೂ ಚಿಂತೆ ಇಲ್ಲ. ಸೈಕಿಕ್‌ಗೆ ಬಗ್ ಮತ್ತು ಗೋಸ್ಟ್ ಅಂದರೆ ಮಾತ್ರ ಭಯ ಅಂತ ಸಫ್ರಾನ್ ಊರಿನ ಜಿಮ್‌ನಲ್ಲೇ (ಪೋಕೆಮಾನ್ ಪಂದ್ಯದ ಕಣ) ಹೇಳುತ್ತಾರೆ. ಆದರೆ ಬಗ್ ಮೂವ್‌ಗಳಲ್ಲಿ, ಅಂದರೆ ಏಟುಗಳಲ್ಲಿ, ದಮ್ಮೇ ಇಲ್ಲ. ಬೀಡ್ರಿಲ್ ತರೋಣ ಅಂದರೆ ಅದು ಪಾಯಿಸನ್ ಟೈಪ್ ಕೂಡ ಹೌದು, ಸೈಕಿಕ್ ಏಟಿಗೆ ಅದೇ ಮೊದಲು ಬೀಳುತ್ತದೆ. ಇನ್ನು ಗೋಸ್ಟ್ ಏಟು, ಕೋಡ್‌ನಲ್ಲಿದ್ದ ತಪ್ಪಿನಿಂದಾಗಿ, ಸೈಕಿಕ್‌ಗೆ ತಾಗುತ್ತಲೇ ಇರಲಿಲ್ಲ!

1999ರಲ್ಲಿ ಜಪಾನಿನಲ್ಲಿ ಗೋಲ್ಡ್ ಮತ್ತು ಅದರ ಜೋಡಿ ಆಟ ಸಿಲ್ವರ್ ಬಂದಾಗ ಡಾರ್ಕ್ ಮತ್ತು ಸ್ಟೀಲ್ ಎಂಬ ಎರಡು ಹೊಸ ಟೈಪ್ ಸೇರಿದವು. ಡಾರ್ಕ್‌ಗೆ ಸೈಕಿಕ್ ಏಟು ತಾಗುವುದೇ ಇಲ್ಲ. ಸ್ಟೀಲ್‌ಗೆ ಅರ್ಧ ಮಾತ್ರ ತಾಗುತ್ತದೆ. ಗೋಸ್ಟ್‌ನ ತಪ್ಪೂ ಸರಿಹೋಯಿತು. ರೆಡ್‌ನಲ್ಲಿ ನಾರ್ಮಲ್ ಆಗಿದ್ದ ಬೈಟ್ ಇಲ್ಲಿ ಡಾರ್ಕ್ ಮೂವ್ ಆಯಿತು.

ಇದಕ್ಕಿಂತ ಆಳವಾದ ಬದಲಾವಣೆ ಇನ್ನೊಂದಿದೆ. ಸುಮ್ನೆ ಆಡುತ್ತಾ ಹೋದರೆ ಅದು ಕಣ್ಣಿಗೇ ಬೀಳುವುದಿಲ್ಲ. ರೆಡ್‌ನಲ್ಲಿ ಸ್ಪೆಷಲ್ ಅಂತ ಒಂದೇ ಸ್ಟ್ಯಾಟ್ (ಶಕ್ತಿಯ ಅಂಕಿ) ಇತ್ತು. ಬೆಂಕಿ, ನೀರು, ಕರೆಂಟಿನ ಏಟು ಕೊಡುವುದಕ್ಕೂ ಅದೇ, ತಡೆದುಕೊಳ್ಳುವುದಕ್ಕೂ ಅದೇ. ಚಾನ್ಸಿಯನ್ನೇ ನೋಡಿ. ಅದರ ಸ್ಪೆಷಲ್ 105. ಏಟು ತಿಂದರೂ ಬಗ್ಗುವುದಿಲ್ಲ, ಥಂಡರ್‌ಬೋಲ್ಟ್ ಕಲಿಸಿದರೆ ಜೋರಾಗಿ ತಿರುಗಿಸಿಯೂ ಕೊಡುತ್ತದೆ. ಗೋಲ್ಡ್‌ನಲ್ಲಿ ಆ ಸ್ಟ್ಯಾಟನ್ನು ಎರಡು ಮಾಡಿದರು. ಚಾನ್ಸಿಯ ಸ್ಪೆಷಲ್ ಡಿಫೆನ್ಸ್ 105 ಹಾಗೇ ಉಳಿಯಿತು, ಸ್ಪೆಷಲ್ ಅಟ್ಯಾಕ್ 35ಕ್ಕೆ ಇಳಿಯಿತು. ಈಗ ಅದು ಗೋಡೆಯ ಹಾಗೆ ನಿಲ್ಲುತ್ತದೆ, ಅಷ್ಟೇ. ಹೀಗೆ ಒಂದೊಂದು ಪೋಕೆಮಾನ್‌ಗೂ ತನ್ನದೇ ಆದ ಕೆಲಸ ಬಂತು. ಇಂದಿಗೂ ಈ ಸರಣಿ ಅದೇ ಲೆಕ್ಕದ ಮೇಲೆ ನಡೆಯುತ್ತಿದೆ.

ಸಣ್ಣಪುಟ್ಟ ಸುಖಗಳೂ ಇವೆ. ಬ್ಯಾಗಿನಲ್ಲಿ ಪೋಕೆಮಾನ್ ಹಿಡಿಯುವ ಬಾಲ್‌ಗಳಿಗೆ, ಮೂವ್ ಕಲಿಸುವ ಟಿಎಂಗಳಿಗೆ ಬೇರೆ ಬೇರೆ ಜೇಬು. ಮುಂದಿನ ಲೆವೆಲ್‌ಗೆ ಎಷ್ಟು ಬಾಕಿ ಅಂತ ತೋರಿಸುವ ಪಟ್ಟಿ. ಪೋಕೆಮಾನ್ ಕೈಗೆ ಒಂದು ಬೆರ್ರಿ ಕೊಟ್ಟಿದ್ದರೆ ಬೇಕಾದಾಗ ತಾನೇ ತಿನ್ನುತ್ತದೆ. ನಿಜವಾದ ದಿನ, ಹೊತ್ತಿನ ಜೊತೆ ಓಡುವ ಆಟದ ಗಡಿಯಾರವಂತೂ ನನಗೆ ತುಂಬಾ ಇಷ್ಟ. ಶುಕ್ರವಾರ ಯೂನಿಯನ್ ಕೇವ್‌ನ ಕೆಳಗೆ ಇಳಿದರೆ ಮಾತ್ರ ಲ್ಯಾಪ್ರಸ್ ಸಿಗುತ್ತದೆ. ನಿಮ್ಮ ಜೊತೆ ಚೆನ್ನಾಗಿ ಹೊಂದಿಕೊಂಡ ಈವಿ ಎಂಬ ಪೋಕೆಮಾನ್ ಹಗಲಿನಲ್ಲಿ ಎಸ್ಪಿಯಾನ್ ಆಗುತ್ತದೆ, ರಾತ್ರಿಯಲ್ಲಿ ಅಂಬ್ರಿಯಾನ್.

ಬೇಜಾರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅಷ್ಟು ಚೆಂದದ ಡಾರ್ಕ್ ಟೈಪ್ ತಂದವರು ಅದನ್ನು ನಮ್ಮ ಕೈಗೆ ಬೇಗ ಕೊಡಲೇ ಇಲ್ಲ. ಹೌಂಡೋರ್, ಮರ್ಕ್ರೋ ಸಿಗುವುದು ಲೀಗ್ ಪಂದ್ಯಗಳನ್ನು ಗೆದ್ದು, ರೆಡ್‌ನ ನಾಡಾದ ಕ್ಯಾಂಟೋಗೆ ಹೋದ ಮೇಲೆ, ಅದೂ ರಾತ್ರಿ. ಗೋಲ್ಡ್ ಶುರುವಾಗುವ ನಾಡಾದ ಜೋಟೋದಲ್ಲಿ ಇರುವಾಗಲೇ ಬೇಕು ಅಂದರೆ ಆ ಅಂಬ್ರಿಯಾನ್ ಒಂದೇ ದಾರಿ. ಕೊನೆಯಲ್ಲಿ ಲೆವೆಲ್ ಲೆಕ್ಕವೂ ತಪ್ಪುತ್ತದೆ. ಜಿಮ್ ಗೆದ್ದಾಗ ಸಿಗುವ ಬ್ಯಾಡ್ಜ್‌ಗಳಲ್ಲಿ ಹದಿನಾರನೆಯದರವರೆಗೆ ಎದುರಾಳಿಗಳು 60 ದಾಟುವುದಿಲ್ಲ. ಆಮೇಲೆ ಮೌಂಟ್ ಸಿಲ್ವರ್‌ನಲ್ಲಿ ಒಬ್ಬ ನಿಂತಿರುತ್ತಾನೆ, ಅವನ ಪಿಕಾಚು 81! ಆತ ಯಾರು ಅಂತ ಇಲ್ಲಿ ಹೇಳುವುದಿಲ್ಲ. ರೆಡ್ ಆಡಿದ ನೀವು ಅದನ್ನು ನೀವೇ ನೋಡಬೇಕು.

ಹಳೆಯ ಕಾರ್ಟ್ರಿಡ್ಜ್ ಕೊಳ್ಳುವುದಾದರೆ ಒಳಗಿನ ಬ್ಯಾಟರಿ ಬದಲಿಸಿದ್ದಾರಾ ಅಂತ ಕೇಳಿ. ಗಡಿಯಾರ ಸದಾ ಓಡುವುದರಿಂದ ಅದು ಬೇಗ ಖಾಲಿಯಾಗುತ್ತದೆ, ಆಗ ಸೇವ್ ಮಾಡಿದ್ದೆಲ್ಲ ಹೋಗುತ್ತದೆ. 2009ರಲ್ಲಿ ಡಿಎಸ್‌ಗೆ ಬಂದ ಹಾರ್ಟ್‌ಗೋಲ್ಡ್ ಇದೇ ಆಟದ ಹೊಸ ರೂಪ. ಅದೂ ಒಳ್ಳೆಯದೇ, ಆದರೆ ರೆಡ್‌ನ ನೆನಪು ಹಸಿಯಾಗಿ ಇರುವಾಗ ಮೊದಲು ಹಳೆಯದನ್ನೇ ಆಡಿ. ಏನೇನು ತಿದ್ದಿದ್ದಾರೆ ಅನ್ನುವುದು ಆಗಲೇ ಗೊತ್ತಾಗುವುದು.

ಹೊರಡುವ ಮುಂಚೆ ಒಂದು ಮಾತು. ಮೂರನೇ ಜಿಮ್‌ನ ವಿಟ್ನಿಯ ಮಿಲ್ಟ್ಯಾಂಕ್‌ಗೆ ತಯಾರಾಗಿ ಹೋಗಿ. ಅದರ ರೋಲ್‌ಔಟ್ ತಪ್ಪದೆ ತಾಗಿದಷ್ಟೂ ಒಂದೊಂದು ಸುತ್ತಿಗೂ ಎರಡರಷ್ಟು ಆಗುತ್ತಾ ಹೋಗುತ್ತದೆ. ರೋಲ್‌ಔಟ್ ತಡೆಯಲು ಒಂದು ಜಿಯೋಡೂಡ್ ಸಾಕಿಕೊಳ್ಳಿ, ಹೆಣ್ಣಾದರೆ ಇನ್ನೂ ಒಳ್ಳೆಯದು. ಎದುರಾಳಿಯನ್ನು ಮರುಳು ಮಾಡುವ ಮಿಲ್ಟ್ಯಾಂಕ್‌ನ ಅಟ್ರ್ಯಾಕ್ಟ್ ಗಂಡು ಪೋಕೆಮಾನ್‌ಗಳ ಮೇಲೆ ಮಾತ್ರ ನಡೆಯುತ್ತದೆ.