ಕರಡಿ ಕಾಡಿನಲ್ಲಿ ಕಾಲುದಾರಿ ಬೇಕಾ?

ಪ್ರಶ್ನೆ: ದರೋಜಿ ಕರಡಿಧಾಮದಲ್ಲಿ ಬರೀ ವೀಕ್ಷಣಾ ಗೋಪುರ ಹತ್ತಿ ನೋಡಬೇಕು. ಒಳಗೆ ನಡೆಯಲು ಒಂದು ದಾರಿ ಮಾಡಿದರೆ ಏನು ತೊಂದ್ರೆ?
– ಓದುಗರೊಬ್ಬರು, ತೋರಣಗಲ್ಲು

ಉತ್ತರ: ನಡೆಯೋ ಆಸೆ ನನಗೂ ಇದೆ. ಆದರೆ ಅಲ್ಲಿ ಬೇಡ. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಗಾಳಿ ಅದರ ಕಡೆಯಿಂದ ನಿಮ್ಮ ಕಡೆ ಬೀಸುತ್ತಿದ್ದರೆ ನೀವು ತೀರಾ ಹತ್ತಿರ ಬರೋವರೆಗೂ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದಾಗ ಗಾಬರಿಗೆ ಮೈಮೇಲೇ ಬೀಳುವುದುಂಟು. ನಮಗೆ ವಾಕಿಂಗಿಗೆ ಹಿತವಾದ ಮುಂಜಾನೆ, ಸಂಜೆಯೇ ಅದು ಹುತ್ತ ಕೆದಕಲು ಹೊರಡುವ ಹೊತ್ತು. ಒಮ್ಮೆ ಗೋಪುರದಿಂದ ನೋಡಿದ್ದೆ: ಬಂಡೆಗೆ ಸವರಿದ ಬೆಲ್ಲ ನೆಕ್ಕುತ್ತಿದ್ದ ತಾಯಿ, ಬೆನ್ನ ಕೂದಲು ಹಿಡಿದು ಕೂತ ಎರಡು ಮರಿ. ಕೆಳಗೆ ಯಾರೋ ಕೆಮ್ಮಿದ್ದಕ್ಕೇ ಮೂತಿ ಎತ್ತಿ ನಿಂತುಬಿಟ್ಟಿತು. 1994ರಲ್ಲಿ ಧಾಮ ಮಾಡಿದ್ದು ಅವಕ್ಕಾಗಿ ಅಲ್ವಾ?

ದಾರಿ ಕೇಳೋದಾದರೆ ಧಾಮದ ಹೊರಗೆ, ಸಂಡೂರಿನ ಗುಡ್ಡಗಳಲ್ಲಿ ಕೇಳಿ. ಸುಮ್ನೆ ನೇರ ಏರುವ ದಾರಿ ಕಡಿದರೆ ಮಳೆಗೆ ಕೊರೆದು ಹಳ್ಳವಾಗುತ್ತದೆ. ಹಾವಿನಂತೆ ಸುತ್ತಿ ಹತ್ತಲಿ. ಅಲ್ಲಲ್ಲಿ ಓರೆಯಾಗಿ ಕಲ್ಲು ಹೂತರೆ ನೀರು ಪಕ್ಕಕ್ಕೆ ಇಳಿಯುತ್ತದೆ. ಸಿಮೆಂಟ್ ಮಾತ್ರ ಬೇಡ, ಬಳ್ಳಾರಿ ಬಿಸಿಲಿಗೆ ಅದು ರೊಟ್ಟಿ ಹಂಚು!