ಹತ್ತು ಅಂಕಿ ಬಿಟ್ಟು ಎರಡೇ ಯಾಕೆ?

ಪ್ರಶ್ನೆ: 5 ವೋಲ್ಟನ್ನು ಹತ್ತು ಮಟ್ಟಗಳಾಗಿ ಹಂಚಿದರೆ ಒಂದೇ ತಂತಿಯಲ್ಲಿ 0ಯಿಂದ 9ರವರೆಗೆ ಕಳಿಸಬಹುದಲ್ಲ? ಕಂಪ್ಯೂಟರಿಗೆ 0, 1 ಮಾತ್ರ ಯಾಕೆ?
– ಡಿಪ್ಲೊಮಾ ವಿದ್ಯಾರ್ಥಿ, ಉಡುಪಿ

ಉತ್ತರ: ಕಳಿಸಬಹುದು, ಸರಿಯಾಗಿ ಓದುವುದೇ ಕಷ್ಟ. ಹತ್ತು ಮಟ್ಟವೆಂದರೆ ಅಂಕಿಯಿಂದ ಅಂಕಿಗೆ ಸುಮಾರು 0.55 ವೋಲ್ಟ್ ಅಂತರ. ಅದರ ಅರ್ಧದಷ್ಟು ಆಚೀಚೆಯಾದರೂ 6 ಹೋಗಿ 7 ಆಗುತ್ತದೆ. ಪಕ್ಕದ ತಂತಿಯ ಗದ್ದಲ (ಬೇಡದ ವೋಲ್ಟೇಜ್ ಏರುಪೇರು), ಚಿಪ್ಪಿನ ಬಿಸಿ, ಸಪ್ಲೈಯ ಏರಿಳಿತ ಸೇರಿದರೆ ಇಷ್ಟು ತಪ್ಪು ಸುಲಭವಾಗಿ ಆಗಿಬಿಡುತ್ತದೆ.

ನಿಮ್ಮ ಲ್ಯಾಬಿನ 7400 ಟಿಟಿಎಲ್ ಐಸಿ ನೋಡಿ: 5 ವೋಲ್ಟಿನಲ್ಲಿ ನಡೆಯುವ, ಗೇಟುಗಳಿರುವ (0, 1 ನೋಡಿ 0 ಅಥವಾ 1 ಕೊಡುವ ಸರ್ಕ್ಯೂಟ್) ಚಿಪ್ಪು. ಇನ್‌ಪುಟ್ 0.8 ವೋಲ್ಟಿನವರೆಗೆ 0, 2 ವೋಲ್ಟಿನಿಂದ ಮೇಲೆ 1. ಅದರ ಔಟ್‌ಪುಟ್ 0.4ಕ್ಕಿಂತ ಕೆಳಗೆ ಅಥವಾ 2.4ಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ಕೆಟ್ಟ ಸ್ಥಿತಿಯಲ್ಲೂ 0.4 ವೋಲ್ಟ್ ಗದ್ದಲವನ್ನು ತಡೆದುಕೊಂಡು, ಪ್ರತಿ ಗೇಟೂ ಸಿಗ್ನಲನ್ನು ಮತ್ತೆ ಚೊಕ್ಕ ಮಾಡಿ ದಾಟಿಸುತ್ತದೆ. 0.8–2ರ ನಡುವೆ ಸಿಕ್ಕಿಬಿದ್ದರೆ ಮಾತ್ರ ಫಲ ಹೇಳಲಾಗದು. ಕರಾವಳಿಯ ಉಪ್ಪುಗಾಳಿಗೆ ಬ್ರೆಡ್‌ಬೋರ್ಡಿನ ಕ್ಲಿಪ್ಪುಗಳು ಕಿಲುಬುಗಟ್ಟಿದರೆ ಆಗುವುದು ಇದೇ. ಐಸಿಯನ್ನು ದೂರುವ ಮೊದಲು ಮಲ್ಟಿಮೀಟರ್ ಹಿಡಿದು ವೋಲ್ಟ್ ಅಳೆಯಿರಿ. ಸಪ್ಲೈಯ ಏರಿಳಿತ ತಗ್ಗಿಸಲು ಪ್ರತಿ ಐಸಿಯ ಸಪ್ಲೈ ಕಾಲುಗಳ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಹಾಕಿ.

ದಶಮಾನದ ಕಂಪ್ಯೂಟರೂ ಇತ್ತು: 1940ರ ದಶಕದ ಎನಿಯಾಕ್. ಒಂದೊಂದು ಅಂಕಿಗೆ, 0 ಅಥವಾ 1 ನೆನಪಿಡುವ ಹತ್ತು ಫ್ಲಿಪ್‌ಫ್ಲಾಪ್ ಬೇಕಾಗುತ್ತಿತ್ತು. 0, 1 ಮಾತ್ರ ಬಳಸುವ ಬೈನರಿಯಲ್ಲಿ ನಾಲ್ಕು ಸಾಕು. ಅಂದ ಹಾಗೆ, ಚಿಪ್ಪಿನಲ್ಲಿ ಮಾಹಿತಿ ಉಳಿಸುವ ಈಗಿನ ಕೆಲವು ಎಸ್‌ಎಸ್‌ಡಿಗಳು ಒಂದು ಕೋಶದಲ್ಲಿ 16 ಮಟ್ಟ ಇಡುತ್ತವೆ. ಆದರೆ ಬರೆಯುವ ವೇಗ ಕುಸಿಯುತ್ತದೆ, ತಪ್ಪು ತಿದ್ದುವ ಸರ್ಕ್ಯೂಟ್ ಇಲ್ಲದೆ ನಡೆಯುವುದಿಲ್ಲ.